ಬೀರುವಿನ ಹಿಂದಿನ ಐದನೇ ರೂಮ್‌ಮೇಟ್

ಮೊದಲು ನಾವು ದೂರಿದ್ದು ಮಂಡ್ಯದ ಸಾಕ್ಸನ್ನು. ಆಮೇಲೆ ಅಡುಗೆಮನೆಯ ಕಸದ ಬುಟ್ಟಿಯನ್ನು. ಕೊನೆಗೆ ಮಳೆಯನ್ನು. ಕರಾವಳಿಗೆ ಓದೋಕೆ ಬಂದವರಿಗೆ ಇದೊಂದು ಅನುಕೂಲ. ಬಟ್ಟೆ ಒಣಗಲಿಲ್ಲ, ಮಳೆ. ಅಟೆಂಡೆನ್ಸ್ ಕಮ್ಮಿ ಆಯ್ತು, ಮಳೆ. ರೂಮಿನಲ್ಲಿ ಹಳೇ ಗೋಣಿಚೀಲದ ವಾಸನೆ, ಅದೂ ಮಳೆ.

ಹಾಸ್ಟೆಲಿನಲ್ಲಿ ಹೆಸರಿಗಿಂತ ಮೊದಲು ಊರು ಅಂಟಿಕೊಳ್ಳುತ್ತೆ ಅನ್ನೋದು ನಿಮಗೂ ಗೊತ್ತು. ಹಾಗಾಗಿ ನಾವು ನಾಲ್ವರು: ಮಂಡ್ಯ, ದಾವಣಗೆರೆ, ಶಿರಸಿ ಮತ್ತು ಬಿಜಾಪುರ. ಊರು ವಿಜಯಪುರವಾಗಿ ವರ್ಷಗಳಾದವು, ನಮ್ಮವನು ಮಾತ್ರ ಬಿಜಾಪುರವಾಗೇ ಉಳಿದ. ಬ್ರಾಂಚುಗಳು ಅದೇ ಕ್ರಮದಲ್ಲಿ ಮೆಕ್ಯಾನಿಕಲ್, ಸಿವಿಲ್, ಕೆಮಿಕಲ್, ಇಸಿ. ಇಷ್ಟೆಲ್ಲ ಎಂಜಿನಿಯರಿಂಗ್ ಒಂದೇ ಸೂರಿನಡಿ ಇದ್ದೂ ಒಂದು ಗೋಡೆಯ ಕಷ್ಟ ಅರ್ಥವಾಗೋಕೆ ನಮಗೆ ಎರಡು ತಿಂಗಳು ಬೇಕಾಯಿತು. ಈ ಬರಹದಲ್ಲಿ ‘ನಾವು’ ಅಂದರೆ ನಾಲ್ವರೂ. ಒಂದು ಕಡೆ ಮಾತ್ರ ಮೂವರು. ಅದು ಎಲ್ಲಿ ಅಂತ ಮುಂದೆ ಹೇಳುತ್ತೇವೆ. ಬರೆಯೋದಕ್ಕೆ ಬಿಜಾಪುರನ ಒಪ್ಪಿಗೆ ಇದೆ.

ಐದನೇ ಸೆಮಿಸ್ಟರ್ ಶುರುವಾಗುವ ಮೊದಲು, ಜುಲೈ ಕೊನೆಯಲ್ಲಿ, ಹಾಸ್ಟೆಲ್ ಬಿಟ್ಟು ಹಿಂದಿನ ಗೇಟಿನಾಚೆ ಒಂದು ಮನೆ ಹಿಡಿದೆವು. ಒಂದು ಹಾಲ್, ಒಂದು ದೊಡ್ಡ ರೂಮು, ಅಡುಗೆಮನೆ, ರೂಮಿಗೆ ಅಂಟಿಕೊಂಡ ಬಚ್ಚಲು. ಗೋಡೆಗೆಲ್ಲ ಹೊಸ ಪೇಂಟು. ರೂಮಿನಲ್ಲಿ ಬಚ್ಚಲಿನ ಗೋಡೆಗೆ ಒರಗಿಸಿದ ಪ್ಲೈವುಡ್ಡಿನ ದೊಡ್ಡ ಬೀರು. "ಬೀರು ಫ್ರೀ ಕಣ್ರಲಾ" ಅಂತ ಮಂಡ್ಯ ಕುಣಿದ. ಅಡ್ವಾನ್ಸ್ ಕೊಟ್ಟೆವು. ಆ ಬೀರುವನ್ನು ಒಂದಿಂಚು ಈಚೆ ಎಳೆದು ನೋಡಬೇಕು ಅಂತ ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ.

ಈ ಕಡೆ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಮುಗಿಯುತ್ತೆ. ಬಿಜಾಪುರಕ್ಕೆ ಇದೆಲ್ಲ ಹೊಸದು. ಬಂದ ವಾರವೇ ಗೋಡೆಗೆ ಕೈಯಿಟ್ಟು ನೋಡಿ ಹೇಳಿದ್ದ, "ನಮ್ಮೂರಾಗ ಗ್ವಾಡಿ ಬಿರುಕ್ ಬಿಡ್ತಾವ, ಇಲ್ಲಿ ಗ್ವಾಡಿ ಬೆವರ್ತಾವಲ್ಲೋ." ನಾವೆಲ್ಲ ನಕ್ಕೆವು. ಅವನು ಹೇಳಿದ್ದರಲ್ಲಿ ಅರ್ಧ ರೋಗನಿರ್ಣಯ ಇತ್ತು ಅಂತ ಈಗ ಅನಿಸುತ್ತೆ.

ಸೂಚನೆಗಳು ಬರುತ್ತಲೇ ಇದ್ದವು. ಶಿರಸಿಯ ಲೆದರ್ ಬೆಲ್ಟಿನ ಮೇಲೆ ಹಸಿರು ನವಿರು ಬಂತು, ಒರೆಸಿ ಹಾಕಿಕೊಂಡ. ಬೀರುವಿನ ಕೆಳಗಿನ ಅರೆಯಲ್ಲಿದ್ದ ಸೂಟ್‌ಕೇಸಿಗೆ ಕರಿ ಚುಕ್ಕಿ ಬಂತು, ಹಳೇದು ಅಂದುಕೊಂಡೆವು. ಮಡಚಿಟ್ಟ ಶರ್ಟುಗಳು ಇಸ್ತ್ರಿ ಮಾಡಿದರೂ ವಾಸನೆ ಬಿಡಲಿಲ್ಲ, ಅಗರಬತ್ತಿ ಹಚ್ಚಿದೆವು. ಆಗಸ್ಟ್ ಎರಡನೇ ವಾರದಿಂದ ಬಿಜಾಪುರ ಕೆಮ್ಮಲು ಶುರು ಮಾಡಿದ.

ಹಗಲು ಅಷ್ಟೇನಿಲ್ಲ. ರಾತ್ರಿ ಹನ್ನೊಂದರ ಮೇಲೆ ಶುರುವಾದರೆ ಎರಡು ಮೂರು ಗಂಟೆವರೆಗೂ ಕೆಮ್ಮು. ಮೆಣಸಿನ ಕಷಾಯ, ಬಿಸಿನೀರಿನ ಹಬೆ, ಮೆಡಿಕಲ್ ಶಾಪಿನ ಸಿರಪ್ಪು, ಎಲ್ಲ ಆಯಿತು. ಬೆಳಿಗ್ಗೆ ಎಂಟರ ಕ್ಲಾಸು, ಅದರ ಮೇಲೆ ಇಂಟರ್ನಲ್ಸ್. ನಮಗೆ ನಿದ್ದೆ ಇಲ್ಲ.

ಇಲ್ಲಿ ಬಂತು ಆ ‘ಮೂವರು’. ಬಿಜಾಪುರ ಲ್ಯಾಬಿಗೆ ಹೋಗಿದ್ದಾಗ ನಾವು ಮೂವರು ಕೂತು ಮಾತಾಡಿದೆವು. ಅವನ ಮಂಚ ರೂಮಿನ ನಡುವೆ, ಕಿಟಕಿ ಹತ್ತಿರ ಇತ್ತು. ಅದನ್ನು ಮೂಲೆಗೆ, ಬೀರುವಿನ ಪಕ್ಕಕ್ಕೆ ಸರಿಸಿದರೆ ಸದ್ದು ಸ್ವಲ್ಪ ಕಡಿಮೆಯಾಗುತ್ತೆ ಅಂತ ಲೆಕ್ಕ ಹಾಕಿದೆವು. ಬೀರುವಿನ ಬಾಗಿಲು ತೆರೆದಿಟ್ಟರೆ ಒಳಗಿನ ಬಟ್ಟೆ ಸದ್ದನ್ನು ಹೀರಿಕೊಳ್ಳುತ್ತೆ ಅಂತ ಮೆಕ್ಯಾನಿಕಲ್‌ನವನ ಐಡಿಯಾ. ಸಂಜೆ ಅವನು ಬಂದಾಗ ಮಂಚ ಮೂಲೆಯಲ್ಲಿತ್ತು. "ಅಲ್ಲಿ ಗಾಳಿ ಕಮ್ಮಿ, ನಿನಗೆ ಥಂಡಿ ಆಗಲ್ಲ" ಅಂದೆವು. ಅವನು ಏನೂ ಅನ್ನಲಿಲ್ಲ. ದಿಂಬು ಸರಿಮಾಡಿಕೊಂಡು ಮಲಗಿದ.

ಕೆಮ್ಮು ಜಾಸ್ತಿಯಾಯಿತು. ನಾಲ್ಕೈದು ದಿನದಲ್ಲಿ ಉಸಿರಿನ ಜೊತೆ ಸಣ್ಣಗೆ ಸಿಳ್ಳೆಯಂಥ ಸದ್ದೂ ಸೇರಿತು. ಒಂದು ಇಂಟರ್ನಲ್ ತಪ್ಪಿಸಿದ. "ಓದಿಲ್ಲ ಅಂತ ನಾಟ್ಕ ಆಡ್ತಾವ್ನೆ" ಅಂತ ನಮ್ಮಲ್ಲೊಬ್ಬ ಅಂದ, ಇನ್ನಿಬ್ಬರು ಸುಮ್ಮನಿದ್ದೆವು. ಸುಮ್ಮನಿದ್ದದ್ದೂ ಅಂದ ಹಾಗೇ ಅಲ್ಲವೇ.

ಚೌತಿಗೆ ಅವನು ಊರಿಗೆ ಹೋದ. ನಾಲ್ಕು ದಿನ ಬಿಟ್ಟು ಫೋನ್ ಮಾಡಿದರೆ ದನಿಯೇ ಬೇರೆ. ಕೆಮ್ಮಿಲ್ಲ, ಸಿಳ್ಳೆಯಿಲ್ಲ. "ಅವ್ವನ ಕೈಯಾಗಿನ ರೊಟ್ಟಿ ಪವರ್" ಅಂತ ಅವನೂ ನಕ್ಕ, ನಾವೂ ನಕ್ಕೆವು. ವಾಪಸ್ ಬಂದ ಎರಡನೇ ರಾತ್ರಿ ಮೂರು ಗಂಟೆಗೆ ಎದ್ದು ಕೂತ. ಮಾತಾಡೋಕೆ ಆಗುತ್ತಿರಲಿಲ್ಲ. ಒಂದೊಂದೇ ಪದ. ಆಟೋ ಸಿಗಲಿಲ್ಲ, ಓನರ್ ಆಂಟಿಯ ಮಗ ಕಾರು ತೆಗೆದ.

ಆಸ್ಪತ್ರೆಯಲ್ಲಿ ನೆಬ್ಯುಲೈಸರ್ ಹಾಕಿದ ಮೇಲೆ ಉಸಿರು ಸರಿಯಾಯಿತು. ಬೆಳಿಗ್ಗೆ ಬಂದ ಡಾಕ್ಟರ್ ಮೇಡಂ ಬಿಜಾಪುರನನ್ನು ಎರಡೇ ಪ್ರಶ್ನೆ ಕೇಳಿದರು. ಚಿಕ್ಕಂದಿನಲ್ಲಿ ಉಬ್ಬಸ ಇತ್ತಾ? ಇತ್ತು, ಆರನೇ ಕ್ಲಾಸಿನವರೆಗೆ. ಮನೆಯಿಂದ ಹೊರಗಿದ್ದಾಗ ಕಡಿಮೆಯಾಗುತ್ತಾ? ಅವನು ನಮ್ಮ ಮುಖ ನೋಡಿದ. "ಹಾಗಾದ್ರೆ ಮನೆ ನೋಡಿ" ಅಂದರು. ಇನ್‌ಹೇಲರ್ ಬರೆದುಕೊಟ್ಟರು. ಬೂಷ್ಟೊಂದೇ ಕಾರಣ ಅಂತ ಅವರು ಹೇಳಲಿಲ್ಲ. ಉಬ್ಬಸದ ಗುಣ ಇರುವವರಿಗೆ ಧೂಳು, ಹೊಗೆ, ತೇವ, ಬೂಷ್ಟು ಯಾವುದೂ ಕೆಣಕಬಹುದು, ಮೊದಲು ಮನೆಯಲ್ಲಿ ತೇವ ಎಲ್ಲಿದೆ ಹುಡುಕಿ ಅಂದರು.

ಶಿರಸಿ ಅಮ್ಮನಿಗೆ ಫೋನ್ ಮಾಡಿದ. ವಾಸನೆ, ಬೆಲ್ಟು, ಕೆಮ್ಮು ಎಲ್ಲ ವಿವರಿಸಿದ. ಅವರು ಪೂರ್ತಿ ಕೇಳಲೂ ಇಲ್ಲ. "ತಮಾ, ಬೀರು ಗೋಡೆಗೆ ತಾಗ್ಸಿ ಇಟ್ಟಿದ್ರಾ?" ಮಲೆನಾಡಿನ ಮನೆಗಳಲ್ಲಿ ಮಳೆಗಾಲಕ್ಕೆ ಮುಂಚೆ ಪೆಟ್ಟಿಗೆ, ಕಪಾಟುಗಳನ್ನು ಗೋಡೆಯಿಂದ ಈಚೆ ಸರಿಸುತ್ತಾರಂತೆ. ಇವನು ಹುಟ್ಟಿದಾಗಿಂದ ನೋಡಿದ್ದ, ಯಾಕೆ ಅಂತ ಕೇಳಿರಲಿಲ್ಲ.

ನಾಲ್ಕೂ ಜನ ಸೇರಿ ಬೀರು ಎಳೆದೆವು. ಹಿಂಬದಿಯ ಪ್ಲೈವುಡ್ ಕೈಗೆ ಮೆತ್ತಗೆ ಸಿಕ್ಕಿತು, ನೆನೆದ ಬಿಸ್ಕತ್ತಿನ ಹಾಗೆ. ಗೋಡೆಯಲ್ಲಿ ನೆಲದಿಂದ ಸೊಂಟದೆತ್ತರದವರೆಗೆ ಕಪ್ಪು, ಹಸಿರು, ಅಲ್ಲಲ್ಲಿ ಬೂದಿ ಬಣ್ಣ. ಪೇಂಟು ಗುಳ್ಳೆ ಎದ್ದಿತ್ತು. ಒಂದು ಗುಳ್ಳೆ ಒಡೆದರೆ ಒಳಗೆ ಹಳೇ ಪೇಂಟು, ಅದರ ಮೇಲೂ ಕಪ್ಪು ಕಲೆ. ಈ ಕಲೆಗೆ ನಮಗಿಂತ ವಯಸ್ಸು ಹೆಚ್ಚಿಲ್ಲದಿದ್ದರೂ ಈ ಮನೆಯಲ್ಲಿ ನಮಗಿಂತ ಸೀನಿಯರ್. ಬಿಜಾಪುರನ ದಿಂಬಿನಿಂದ ಅದಕ್ಕೆ ಒಂದೂವರೆ ಅಡಿ ದೂರ. ಯಾರೂ ಮಾತಾಡಲಿಲ್ಲ. ಮಂಡ್ಯ ಹೋಗಿ ಮಂಚವನ್ನು ಒಬ್ಬನೇ ಎತ್ತಿ ಹಾಲಿನ ಕಿಟಕಿ ಹತ್ತಿರ ಇಟ್ಟು ಬಂದ.

ಆಮೇಲೆ ಅದೇ ಮಂಡ್ಯ ಒಂದು ತಪ್ಪು ಮಾಡಿದ. ಸಿಟ್ಟಿನಲ್ಲಿ ಒಣ ಪೊರಕೆ ತಗೊಂಡು ಗೋಡೆ ಗುಡಿಸಿಬಿಟ್ಟ, ಮೇಲೆ ಫ್ಯಾನು ಜೋರಾಗಿ ತಿರುಗುತ್ತಿತ್ತು. ಹತ್ತು ನಿಮಿಷದಲ್ಲಿ ನಾಲ್ವರಿಗೂ ಸೀನು. ಬೂಷ್ಟಿನ ಬೀಜಕಣಗಳ ಗಾತ್ರ ಕೆಲವೇ ಮೈಕ್ರಾನ್. ಒಣಗಿದ್ದನ್ನು ಕೆದಕಿದರೆ ಅವು ಗಾಳಿಗೆ ಏರಿ ಗಂಟೆಗಟ್ಟಲೆ ತೇಲುತ್ತವೆ. ಒಂದು ಗೋಡೆಯ ಸಮಸ್ಯೆಯನ್ನು ನಾವು ಇಡೀ ಮನೆಗೆ ಹಂಚಿದ್ದೆವು. ಆ ರಾತ್ರಿ ನಾಲ್ವರೂ ಹಾಸ್ಟೆಲಿನ ಗೆಳೆಯರ ರೂಮಿನಲ್ಲಿ ಮಲಗಿದೆವು.

ಎರಡನೇ ತಪ್ಪು ಸ್ವಲ್ಪದರಲ್ಲಿ ತಪ್ಪಿತು. ಮರುದಿನ ಬಕೆಟ್ಟಿನಲ್ಲಿ ಬ್ಲೀಚಿಂಗ್ ಪೌಡರ್ ಕಲಸಿಟ್ಟಿದ್ದೆವು. "ಇನ್ನೂ ಸ್ಟ್ರಾಂಗ್ ಆಗ್ಲಿ" ಅಂತ ಬಚ್ಚಲು ತೊಳೆಯೋ ಆ್ಯಸಿಡ್ ಬಾಟಲಿ ಕೈಗೆ ಬಂದಿತ್ತು. ಶಿರಸಿ ಕಿರುಚಿದ ರೀತಿ ಈಗಲೂ ನೆನಪಿದೆ. ಬಚ್ಚಲಿನ ಆ್ಯಸಿಡ್ ಅಂದರೆ ಹೈಡ್ರೋಕ್ಲೋರಿಕ್ ಆಮ್ಲ, ಬ್ಲೀಚಿಂಗ್ ಪೌಡರಿಗೆ ಅದು ಬಿದ್ದರೆ ಏಳೋದು ಕ್ಲೋರಿನ್ ಅನಿಲ. ಮುಚ್ಚಿದ ಕೋಣೆಯಲ್ಲಿ, ಉಬ್ಬಸದ ಗೆಳೆಯ ಪಕ್ಕದ ಹಾಲಿನಲ್ಲಿರುವಾಗ. ಪಿಯುಸಿಯಲ್ಲಿ ಈ ಸಮೀಕರಣ ಬರೆದು ಮಾರ್ಕ್ಸ್ ತಗೊಂಡವರೇ ನಾವೆಲ್ಲ.

ಆಮೇಲೆ ಕೂತು ಓದಿದೆವು. ಓದಿದಷ್ಟೂ ಗೊತ್ತಾದದ್ದು, ಬೂಷ್ಟು ಇಲ್ಲಿ ಅಸಲಿ ಕಳ್ಳನೇ ಅಲ್ಲ. ಅದರ ಬೀಜಕಣಗಳು ಎಲ್ಲ ಮನೆಯ ಗಾಳಿಯಲ್ಲೂ ಇವೆ, ನಿಮ್ಮ ರೂಮಿನಲ್ಲೂ. ಅವಕ್ಕೆ ಬೇಕಾದ್ದು ಊಟ ಮತ್ತು ನೀರು. ಪ್ಲೈವುಡ್ಡು, ಕಾಗದ, ಪೇಂಟು, ಗೋಡೆ ಮೇಲಿನ ಧೂಳು ಊಟವಾಗುತ್ತೆ. ಅದನ್ನು ಮನೆಯಿಂದ ಪೂರ್ತಿ ತೆಗೆಯೋಕಾಗಲ್ಲ. ನಮ್ಮ ಕೈಲಿರೋದು ನೀರೊಂದೇ. ನೆನೆದ ವಸ್ತುವನ್ನು ಒಂದೆರಡು ದಿನದೊಳಗೆ ಒಣಗಿಸಿದರೆ ಬೂಷ್ಟು ಸಾಮಾನ್ಯವಾಗಿ ಬೆಳೆಯಲ್ಲ. ನೀರು ನಿಲ್ಲಿಸದೆ ಏನು ತಿಕ್ಕಿದರೂ ಮತ್ತೆ ಬರುತ್ತೆ. ಸತ್ತ ಬೂಷ್ಟೂ ಅಲರ್ಜಿ ತರಬಲ್ಲದು, ಹಾಗಾಗಿ ಕೊಂದರೆ ಸಾಲದು, ತೆಗೆಯಬೇಕು.

ಹಾಗಾದರೆ ನೀರು ಎಲ್ಲಿಂದ? ಇಲ್ಲಿ ದಾವಣಗೆರೆಯ ಸಿವಿಲ್ ಕೊನೆಗೂ ಉಪಯೋಗಕ್ಕೆ ಬಂತು. ಮೂರು ದಾರಿ ಅಂದ: ಹೊರಗಿನ ಮಳೆ, ಒಳಗಿನ ಗಾಳಿಯ ತೇವ, ಇಲ್ಲವೇ ಗೋಡೆಯೊಳಗಿನ ಸೋರಿಕೆ. ಇದು ಒಳಗೋಡೆ, ಮಳೆ ನೇರ ತಾಗಲ್ಲ. ಅಲ್ಲಿಗೆ ಮಳೆ ಮೇಲಿನ ಆರೋಪ ಬಿದ್ದುಹೋಯಿತು. ಗಾಳಿಯ ತೇವವನ್ನು ಮಾತ್ರ ಅಷ್ಟು ಸುಲಭಕ್ಕೆ ಬಿಡೋ ಹಾಗಿರಲಿಲ್ಲ. 28 ಡಿಗ್ರಿ ಉಷ್ಣತೆ, ಶೇ. 85 ತೇವಾಂಶ ಇರುವ ಗಾಳಿ ಸುಮಾರು 25 ಡಿಗ್ರಿಯ ಗೋಡೆ ಸಿಕ್ಕಿದರೆ ಸಾಕು, ಹನಿಗಟ್ಟುತ್ತೆ. ನಾವೋ ರೂಮಿನೊಳಗೇ ಹಗ್ಗ ಕಟ್ಟಿ ನಾಲ್ಕು ಜನರ ಒದ್ದೆ ಬಟ್ಟೆ ಒಣಹಾಕುತ್ತಿದ್ದೆವು.

ಪರೀಕ್ಷೆ ಸುಲಭ ಇತ್ತು. ಚಪಾತಿ ಸುತ್ತುವ ಅಲ್ಯೂಮಿನಿಯಂ ಫಾಯಿಲ್ ಎರಡು ತುಂಡು ಕತ್ತರಿಸಿ, ಒಂದನ್ನು ಬೀರುವಿನ ಗೋಡೆಗೆ, ಇನ್ನೊಂದನ್ನು ಎದುರು ಗೋಡೆಗೆ, ನಾಲ್ಕೂ ಅಂಚಿಗೆ ಟೇಪ್ ಹಾಕಿ ಅಂಟಿಸಿದೆವು. ಫಾಯಿಲಿನ ಹೊರಮೈಯಲ್ಲಿ ನೀರು ಕಂಡರೆ ಅದು ಗಾಳಿಯದ್ದು. ಗೋಡೆ ಕಡೆಯ ಮೈಯಲ್ಲಿ ಕಂಡರೆ ಗೋಡೆಯದ್ದು. ಎರಡು ದಿನ ಬಿಟ್ಟು ಬಿಚ್ಚಿದಾಗ ಎದುರು ಗೋಡೆಯ ಫಾಯಿಲ್ ಎರಡೂ ಕಡೆ ಒಣ. ಬೀರುವಿನ ಗೋಡೆಯದ್ದರ ಒಳಮೈ ತುಂಬ ಹನಿ.

ಇನ್ನೊಂದು ಸಾಕ್ಷಿಗೆ ಟೆರೇಸ್ ಹತ್ತಿದೆವು. ರಾತ್ರಿ ಟ್ಯಾಂಕಿಗೆ ನೀರು ಬರುವ ವಾಲ್ವ್ ಮುಚ್ಚಿ, ಮನೆಯ ಎಲ್ಲ ನಲ್ಲಿ, ಫ್ಲಶ್ ಟ್ಯಾಂಕಿನ ವಾಲ್ವ್ ಬಂದ್ ಮಾಡಿ, ನೀರಿನ ಮಟ್ಟಕ್ಕೆ ಮಾರ್ಕರಿನಲ್ಲಿ ಗೆರೆ ಎಳೆದೆವು. ಬೆಳಿಗ್ಗೆ ನೋಡಿದರೆ ಒಂದು ಸೆಂಟಿಮೀಟರ್ ಇಳಿದಿತ್ತು. ಒಂದು ಸೆಂಟಿಮೀಟರಾ, ಬಿಡು ಅಂದುಕೊಳ್ಳಬೇಡಿ. ಟ್ಯಾಂಕಿನ ವ್ಯಾಸ 90 ಸೆಂಟಿಮೀಟರ್, ಗುಣಿಸಿದರೆ ಆರು ಲೀಟರಿಗೂ ಮಿಕ್ಕಿ. ಯಾರೂ ಮುಟ್ಟದ ಆರು ಲೀಟರ್ ರಾತ್ರೋರಾತ್ರಿ ಎಲ್ಲಿಗೋ ಹೋಗುತ್ತಿತ್ತು. ಬಚ್ಚಲಿನ ಪೈಪು ಇರೋದು ಮೊಣಕಾಲಿನ ಎತ್ತರದಲ್ಲಿ, ಕಲೆ ಇರೋದು ಸೊಂಟದವರೆಗೆ, ನೀರು ಮೇಲಕ್ಕೆ ಹೇಗೆ ಹತ್ತಿತು ಅಂತ ಬಿಜಾಪುರ ಕೇಳಿದ. ಕೇಶಾಕರ್ಷಣೆ! 10 ಮೈಕ್ರಾನ್ ತ್ರಿಜ್ಯದ ರಂಧ್ರದಲ್ಲಿ ನೀರು ಲೆಕ್ಕದ ಪ್ರಕಾರ ಸುಮಾರು ಒಂದೂವರೆ ಮೀಟರ್ ಏರಬಲ್ಲದು. ಪರೀಕ್ಷೆಗೆ ಬಾಯಿಪಾಠ ಮಾಡಿದ ಸೂತ್ರ ನಮ್ಮ ಮನೆಯ ಗೋಡೆ ಹತ್ತುತ್ತಿತ್ತು.

ಓನರ್ ಅಂಕಲ್‌ಗೆ ಹೇಳಿದಾಗ ಮೊದಲು ಬಂದ ಉತ್ತರ ನಿರೀಕ್ಷಿಸಿದ್ದೇ. "ಮೇ ತಿಂಗಳಲ್ಲಿ ಪೈಂಟ್ ಮಾಡ್ಸಿದ್ದು ನಾನು. ನೀವು ಒಳಗೆ ಬಟ್ಟೆ ಒಣಗಿಸುದು ಯಾಕೆ ಮಾರಾಯ್ರೆ?" ಬಟ್ಟೆ ವಿಷಯ ಸುಳ್ಳಲ್ಲ, ಅದನ್ನು ಒಪ್ಪಿಕೊಂಡೆವು. ಆಮೇಲೆ ಫಾಯಿಲಿನ ಫೋಟೋ ತೋರಿಸಿದೆವು, ಟ್ಯಾಂಕಿನ ಗೆರೆ ತೋರಿಸಿದೆವು, ಆಸ್ಪತ್ರೆಯ ಚೀಟಿ ಕೊನೆಗೆ. ಜಗಳಕ್ಕೆ ಅಂತ ಹೋದವರಿಗೆ ಜಗಳ ಬೇಕಾಗಲಿಲ್ಲ. ಅಂಕಲ್ ಚೀಟಿ ಓದಿ ಸುಮ್ಮನಾದರು. ಬಾಗಿಲಲ್ಲಿ ನಿಂತಿದ್ದ ಆಂಟಿ ಮೆಲ್ಲಗೆ ಅಂದರು, "ಮುಂಚೆ ಇದ್ದವರ ಮಗುವಿಗೂ ಹೀಗೇ ಕೆಮ್ಮು ಇತ್ತಲ್ಲ..."

ಅಂಕಲ್ ಆಂಟಿಯ ಕಡೆ ನೋಡಿದರು, ಆಮೇಲೆ ನೆಲ ನೋಡಿದರು. ಆ ಮಗು ಎಲ್ಲಿದೆಯೋ, ಹೇಗಿದೆಯೋ ಗೊತ್ತಿಲ್ಲ. ಅವರು ಬೇಕಂತಲೇ ಮುಚ್ಚಿಟ್ಟಿದ್ದರು ಅಂತ ನಮಗೆ ಅನಿಸಲಿಲ್ಲ. ಕಲೆ ಕಂಡಿತು, ಪೇಂಟ್ ಹೊಡೆಸಿದರು. ಕೆಮ್ಮು ಕೇಳಿಸಿತು, ಮಂಚ ಸರಿಸಿದೆವು. ಎರಡೂ ಒಂದೇ ಜಾತಿಯ ಕೆಲಸ.

ಪ್ಲಂಬರ್ ಬಂದು ಬಚ್ಚಲಿನ ಮೂರು ಟೈಲ್ಸ್ ಒಡೆದ. ಒಳಗಿನ ಹಳೇ ಕಬ್ಬಿಣದ ಪೈಪಿನ ಮೂಲೆ ಜಾಯಿಂಟು ತುಕ್ಕು ಹಿಡಿದು, ಸೂಜಿಮೊನೆಯಷ್ಟು ತೂತಿನಿಂದ ನೀರು ಜಿನುಗುತ್ತಿತ್ತು. ಪೈಪು ಬದಲಾಯಿತು. ಖರ್ಚು ಅಂಕಲ್‌ದೇ.

ಗೋಡೆ ಕ್ಲೀನ್ ಮಾಡಿದ್ದು ನಾವು. ಕಲೆ ಹತ್ತು ಚದರ ಅಡಿ, ಅಂದರೆ ಸುಮಾರು ಒಂದು ಚದರ ಮೀಟರಿಗಿಂತ ಕಡಿಮೆ ಇದ್ದರೆ ಮನೆಯವರೇ ಮಾಡಿಕೊಳ್ಳಬಹುದು ಅನ್ನೋದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಸಲಹೆ. ನಮ್ಮದು ಎಂಟು ಅಡಿ ಚಿಲ್ಲರೆ. ಬಿಜಾಪುರನನ್ನು ಎರಡು ದಿನ ಹಾಸ್ಟೆಲಿಗೆ ಕಳಿಸಿದೆವು. ಎನ್95 ಮಾಸ್ಕ್, ಗ್ಲೌಸ್, ಲ್ಯಾಬಿನ ಕನ್ನಡಕ. ಫ್ಯಾನ್ ಬಂದ್, ಬಾಗಿಲಿಗೆ ಪ್ಲಾಸ್ಟಿಕ್ ಹಾಳೆ, ಹೊರಗಿನ ಕಿಟಕಿ ಮಾತ್ರ ತೆರೆದದ್ದು. ಮೊದಲು ಸ್ಪ್ರೇ ಬಾಟಲಿಯಿಂದ ಸೋಪಿನ ನೀರು ಸಿಂಪಡಿಸಿ ಕಲೆಯನ್ನು ಒದ್ದೆ ಮಾಡಿದೆವು, ಆಮೇಲೆ ಕೆರೆದೆವು. ಉಬ್ಬಿದ ಗಿಲಾವ್ ಇಟ್ಟಿಗೆ ಕಾಣುವವರೆಗೆ ತೆಗೆದು ಚೀಲಕ್ಕೆ ತುಂಬಿ ಬಾಯಿ ಕಟ್ಟಿದೆವು. ಬೀರು ಉಳಿಯಲಿಲ್ಲ. ಪ್ಲೈವುಡ್ಡಿನ ಒಳಗೆ ಇಳಿದ ಬೂಷ್ಟು ಒರೆಸಿದರೆ ಹೋಗಲ್ಲ. ಕೆಳಗಿನ ಅರೆಯಲ್ಲಿ ಬಿಜಾಪುರನ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನ ಫೈಲಿತ್ತು. ಪ್ಲಾಸ್ಟಿಕ್ ಕವರಿನಲ್ಲಿದ್ದ ಕಾರಣ ಅಂಚು ಮಾತ್ರ ಕಲೆಯಾಗಿ ಬಚಾವಾಯಿತು. 1928ರಲ್ಲಿ ಫ್ಲೆಮಿಂಗ್‌ಗೆ ಬೂಷ್ಟಿನಿಂದ ಪೆನ್ಸಿಲಿನ್ ಸಿಕ್ಕಿತ್ತು, ನಮಗೆ ಸಿಕ್ಕಿದ್ದು ನಾಲ್ಕು ಮೂಟೆ ಗಾರೆ ಅಂತ ಮಂಡ್ಯ ಗೊಣಗಿದ.

ಅಂಕಲ್‌ಗೆ ಮರುವಾರವೇ ಪೇಂಟ್ ಹೊಡೆಸುವ ಅವಸರ. ಒಣಗದ ಗೋಡೆಗೆ ಪೇಂಟ್ ಹೊಡೆಯೋದು ಒದ್ದೆ ಟವಲನ್ನು ಬ್ಯಾಗಿಗೆ ತುರುಕಿದ ಹಾಗೆ ಅಂತ ದಾವಣಗೆರೆ ವಿವರಿಸಿದ. ಗೋಡೆ ಒಂದೂವರೆ ತಿಂಗಳು ಬರೀ ಇಟ್ಟಿಗೆಯಲ್ಲೇ ನಿಂತಿತು. ನವೆಂಬರಿನಲ್ಲಿ ಫಾಯಿಲ್ ಮತ್ತೆ ಅಂಟಿಸಿ, ಒಳಮೈ ಒಣಗಿದ್ದು ಖಾತ್ರಿಯಾದ ಮೇಲೆ ಗಿಲಾವ್ ಮಾಡಿಸಿ, ಶಿರಸಿಯ ಅಮ್ಮನ ಮಾತಿನಂತೆ ಸುಣ್ಣ ಬಳಿದೆವು. ಸುಣ್ಣ ತೀವ್ರ ಕ್ಷಾರ, ಬೂಷ್ಟಿಗೆ ಅದು ಆಗಿಬರಲ್ಲ. ಗೋಡೆಯ ಉಸಿರನ್ನೂ ಅದು ಕಟ್ಟಲ್ಲ.

ಬಿಜಾಪುರ ಈಗ ಚೆನ್ನಾಗಿದ್ದಾನೆ. ಇನ್‌ಹೇಲರ್ ಬ್ಯಾಗಿನಲ್ಲಿರುತ್ತೆ, ಎಲ್ಲಿದೆ ಅಂತ ನಮಗೆಲ್ಲರಿಗೂ ಗೊತ್ತು. ತಪ್ಪಿದ ಇಂಟರ್ನಲ್ ವಾಪಸ್ ಬರಲಿಲ್ಲ, ಆ ಸಬ್ಜೆಕ್ಟಿನಲ್ಲಿ ಅವನ ಗ್ರೇಡ್ ಕಮ್ಮಿಯಾಯಿತು. ಮಂಚ ಸರಿಸಿದ ವಿಷಯ ನಾವೇ ಒಂದು ರಾತ್ರಿ ಎತ್ತಿದೆವು. ಸದ್ದು ಕಡಿಮೆಯಾಗಲಿ ಅಂತ ಮಾಡಿದ್ದು, ಥಂಡಿ ಅಂದದ್ದು ಸುಳ್ಳು ಅಂತ ಹೇಳಿದೆವು. "ಅವತ್ತ ಗೊತ್ತಿತ್ತಪಾ ನಂಗ" ಅಂದ. ಸ್ವಲ್ಪ ಹೊತ್ತು ಬಿಟ್ಟು, "ನೀವು ಮೂಲಿಗೆ ಹಾಕಿದ್ದಕ್ಕ ರೋಗದ ಮೂಲಾರ ಸಿಕ್ತು, ಬಿಡ್ರಿ" ಅಂದು ನಕ್ಕ. ನಮಗೆ ಅಷ್ಟು ಸುಲಭಕ್ಕೆ ನಗು ಬರಲಿಲ್ಲ.

ಮನೆ ಹುಡುಕುತ್ತಿರುವ ಜೂನಿಯರ್ಸ್‌ಗೆ ನಮ್ಮದಿಷ್ಟೇ ಕೋರಿಕೆ. ಬಾಡಿಗೆ, ವೈಫೈ ವಿಚಾರಿಸುವ ಮೊದಲು ಎರಡು ನಿಮಿಷ ಕಿಟಕಿ ಮುಚ್ಚಿ ನಿಂತು ಮೂಗಿಗೆ ಕೆಲಸ ಕೊಡಿ. ಒಂದೇ ಗೋಡೆಗೆ ಹೊಸ ಪೇಂಟ್ ಇದ್ದರೆ ಯಾಕೆ ಅಂತ ಕೇಳಿ. ಬಚ್ಚಲಿನ ಆಚೆ ಬದಿಯ ಗೋಡೆಯನ್ನು ಕೈಯಿಟ್ಟು ನೋಡಿ. ಬೀರು ಗೋಡೆಯಿಂದ ನಾಲ್ಕು ಬೆರಳು ಈಚೆ ಇರಲಿ. ರೂಮಿನಲ್ಲಿ ಯಾರಾದರೂ ತಿಂಗಳುಗಟ್ಟಲೆ ಕೆಮ್ಮುತ್ತಿದ್ದರೆ ಅವರ ಮಂಚ ಮುಟ್ಟಬೇಡಿ, ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ.

ಮೊನ್ನೆ ಇಬ್ಬರು ಸೆಕೆಂಡ್ ಇಯರ್ ಹುಡುಗರು ನಮ್ಮ ಮನೆ ನೋಡೋಕೆ ಬಂದಿದ್ದರು. ಮುಂದಿನ ವರ್ಷಕ್ಕೆ ಬೇಕಂತೆ. ನೀರು ಚೆನ್ನಾಗಿ ಬರುತ್ತಾ ಅಂತ ಕೇಳಿದರು. ಅಂಕಲ್ ಬಾಯಿ ತೆರೆಯುವ ಮೊದಲೇ ಬಿಜಾಪುರ ಅವರನ್ನು ರೂಮಿಗೆ ಕರೆದುಕೊಂಡು ಹೋಗಿ, ಹೊಸ ಸ್ಟೀಲ್ ಬೀರುವಿಗೆ ಹೆಗಲು ಕೊಟ್ಟು ತಳ್ಳಿದ. "ಮೊದಲ ಇದರ ಹಿಂದ ನೋಡ್ರಿ" ಅಂದ. ಹಿಂದೆ ಬಿಳೀ ಸುಣ್ಣದ ಗೋಡೆ ಇತ್ತು. ಅಂಕಲ್ ಕೂಡ ಬಗ್ಗಿ ನೋಡಿದರು.